ಚಿತ್ರ ಒಂದು, ಮಾತು ಎರಡು

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ಮರುತಿಂಗಳೇ ಅವರು ದೇಶದ ಪ್ರಧಾನಿಯಾದರು. ಅಣೆಕಟ್ಟೆ ಪೂರ್ಣಗೊಂಡು ಲೋಕಾರ್ಪಣೆಯಾಗಲು ಮಾತ್ರ 2006ರವರೆಗೆ ಕಾಯಬೇಕಾಯಿತು. ಈ ನಲವತ್ತೆರಡು ವರ್ಷಗಳ ನಡುವೆ, ನೀರಿಗಾಗಿ ಕಾದು ಕುಳಿತಿದ್ದ ಬಿಜಾಪುರ ಜಿಲ್ಲೆಗೆ ಕಾಲುವೆಗಿಂತ ಮುಂಚೆ ಬಂದಿಳಿದ ವಸ್ತುವೊಂದಿದೆ. ಅದು ಟೆಲಿವಿಷನ್.

ಇಂದಿನ ಓದುಗರಿಗೆ ಇದು ಅಚ್ಚರಿಯೆನಿಸಬಹುದು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳ ಜನ ಸಂಜೆಯಾದೊಡನೆ ಶಾಲೆಯ ಮುಂದೆಯೋ ಪಂಚಾಯಿತಿ ಕಟ್ಟೆಯ ಮುಂದೆಯೋ ನೆಲದ ಮೇಲೆ ಕುಳಿತು ಟೀವಿ ನೋಡುತ್ತಿದ್ದರು. ವಿಧಾನಸೌಧದ ನೆರಳಲ್ಲಿದ್ದವರಿಗೆ ಇಲ್ಲದ ಭಾಗ್ಯ ಬರಗಾಲದ ನಾಡಿಗೆ ಸಿಕ್ಕಿತ್ತು. ಹಿಂದುಳಿದಿರುವಿಕೆಯೇ ಅರ್ಹತೆಯಾದ ಅಪರೂಪದ ಪ್ರಸಂಗ ಅದು.

ಅದರ ಹೆಸರು ‘ಸೈಟ್’. ಉಪಗ್ರಹದ ಮೂಲಕ ಟೆಲಿವಿಷನ್ ಶಿಕ್ಷಣ ನೀಡುವ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆ ಎಟಿಎಸ್-6 ಎಂಬ ತನ್ನ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತ್ತು. ಈ ಕುರಿತ ಒಪ್ಪಂದ ಆಗಿದ್ದು 1969ರಲ್ಲಿ. ಇದರ ಕನಸು ಕಂಡ ವಿಕ್ರಮ್ ಸಾರಾಭಾಯಿ 1971ರಲ್ಲಿಯೇ ತೀರಿಕೊಂಡಿದ್ದರು. ಆಂಧ್ರ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ, ಹೀಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಪ್ರಯೋಗಕ್ಕೆ ಆರಿಸಿಕೊಳ್ಳಲಾಗಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ, ಅದಕ್ಕೊಂದು ಪರಿವರ್ತಕ ಪೆಟ್ಟಿಗೆ, ಒಂದು ಕಪ್ಪು ಬಿಳುಪು ಟೀವಿ. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯ ಮೇಲೆಯೇ ಟೀವಿ ನಡೆಯುತ್ತಿತ್ತು.

ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗಿನ್ನೂ ಐದು ವಾರ ಕಳೆದಿತ್ತು. ಪ್ರಯೋಗದ ಇಡೀ ವರ್ಷ ತುರ್ತುಪರಿಸ್ಥಿತಿಯ ಒಳಗೇ ಕಳೆಯಿತು. ಆದ್ದರಿಂದ ಪೆಟ್ಟಿಗೆಯೊಳಗಿನಿಂದ ಏನೇನು ಹೇಳಿಸಲಾಯಿತು ಎಂಬುದನ್ನು ವಿಚಾರಿಸುವಾಗ ಸ್ವಲ್ಪ ಎಚ್ಚರ ಬೇಕು. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಜಾನಪದ ಕಲೆ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ, ಇವು ಕಾರ್ಯಕ್ರಮಗಳ ಸ್ಥೂಲ ರೂಪ.

ಆದರೆ ಇಲ್ಲಿ ಮುಖ್ಯವಾದ ಸಂಗತಿ ಬೇರೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಅಲ್ಲಿನ ಕೇಂದ್ರ ತೆಲುಗು ಮತ್ತು ಕನ್ನಡ ಎರಡನ್ನೂ ನೋಡಿಕೊಳ್ಳುತ್ತಿತ್ತು. ಎಟಿಎಸ್-6 ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸಬಲ್ಲ ಉಪಗ್ರಹ. ಹೀಗಾಗಿ ಕರ್ನೂಲು ಜಿಲ್ಲೆಯ ರೈತನೂ ಬಿಜಾಪುರ ಜಿಲ್ಲೆಯ ರೈತನೂ ಏಕಕಾಲಕ್ಕೆ ಒಂದೇ ಚಿತ್ರ ನೋಡುತ್ತಿದ್ದರು. ಅವನಿಗೆ ಅದು ತೆಲುಗಿನಲ್ಲಿ ಕೇಳುತ್ತಿತ್ತು, ಇವನಿಗೆ ಕನ್ನಡದಲ್ಲಿ. ಆರೂ ರಾಜ್ಯಗಳಿಗೆ ಸಮಾನವಾಗಿದ್ದ ಅರ್ಧ ಗಂಟೆಯ ಕಾರ್ಯಕ್ರಮ ಮಾತ್ರ ಎಲ್ಲರಿಗೂ ಹಿಂದಿಯಲ್ಲಿ ಬರುತ್ತಿತ್ತು.

ಒಂದು ಚಿತ್ರ, ಎರಡು ಮಾತು. ಕರ್ನಾಟಕದಲ್ಲಿ ಟೆಲಿವಿಷನ್ನಿನ ಚರಿತ್ರೆ ಶುರುವಾಗುವುದೇ ಹೀಗೆ. ಮುಂದೆ ಹತ್ತು ವರ್ಷಗಳ ನಂತರ ಕನ್ನಡಿಗರೇ ಸೇರಿ ತಯಾರಿಸಿದ ಒಂದು ಧಾರಾವಾಹಿ ದೇಶದಲ್ಲೆಲ್ಲ ಮನೆಮಾತಾಯಿತು. ಅದಕ್ಕೂ ಎರಡು ಮಾತುಗಳಿದ್ದವು. ಆ ಎರಡರಲ್ಲಿ ಕನ್ನಡವಿರಲಿಲ್ಲ. ಅದು ‘ಮಾಲ್ಗುಡಿ ಡೇಸ್’.

ಒಂದು ದೇಶದ ಕಥೆ ಇನ್ನೊಂದು ದೇಶದ ಮನೆಯೊಳಗೆ ಕಿರುತೆರೆಯ ಮೂಲಕ ಹೋಗುವುದು ಹೇಗೆ ಎಂಬ ಪ್ರಶ್ನೆ ನಮ್ಮದು ಮಾತ್ರವೇನಲ್ಲ. ಬ್ರಿಟನ್ನಿನ ಬಿಬಿಸಿ 1960ರ ದಶಕದಲ್ಲಿ ‘ಟೇಲ್ಸ್ ಫ್ರಂ ಯುರೋಪ್’ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಒಂದು ಕಥಾಮಾಲೆಯನ್ನು ಪ್ರಸಾರ ಮಾಡಿತು. ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ತಯಾರಾದ ಚಿತ್ರಗಳನ್ನು ತರಿಸಿ, ಕಂತುಗಳಾಗಿ ಕತ್ತರಿಸಿ, ಇಂಗ್ಲಿಷ್ ಬಲ್ಲ ಮಕ್ಕಳಿಗೆ ತಿಳಿಯುವಂತೆ ಮಾಡುವುದು ಅದರ ಕೆಲಸ. 1964ರಲ್ಲಿ ಬಂದ ‘ದಿ ಸಿಂಗಿಂಗ್ ರಿಂಗಿಂಗ್ ಟ್ರೀ’ ಅವುಗಳಲ್ಲಿ ಬಲು ಪ್ರಸಿದ್ಧ. ಸೊಕ್ಕಿನ ರಾಜಕುಮಾರಿ, ಕರಡಿಯಾಗುವ ರಾಜಕುಮಾರ, ಕೇಡಿಗನಾದ ಕುಳ್ಳ, ಇವರ ಕಥೆ. ಅದನ್ನು ತಯಾರಿಸಿದ್ದು ಪೂರ್ವ ಜರ್ಮನಿಯ ಸರ್ಕಾರಿ ಸ್ಟುಡಿಯೊ ‘ಡೆಫಾ’, 1957ರಲ್ಲಿ, ವರ್ಣದಲ್ಲಿ. ಬಿಬಿಸಿಯಲ್ಲಿ ಇನ್ನೂ ಬಣ್ಣ ಬಂದಿರಲಿಲ್ಲವಾದ್ದರಿಂದ ಬ್ರಿಟನ್ನಿನ ಮಕ್ಕಳು ಅದನ್ನು ಕಪ್ಪು ಬಿಳುಪಿನಲ್ಲಿ, ಮೂರು ಕಂತುಗಳಲ್ಲಿ ನೋಡಿದರು.

ಶೀತಲ ಸಮರ ಕಾವೇರಿದ್ದ ಕಾಲ. ಬರ್ಲಿನ್ ಗೋಡೆ ಎದ್ದು ಮೂರು ವರ್ಷವಾಗಿತ್ತು. ಗೋಡೆಯ ಆಚೆಗಿನ ಕಮ್ಯುನಿಸ್ಟ್ ಸ್ಟುಡಿಯೊದ ಅಜ್ಜಿಕಥೆ ಲಂಡನ್ನಿನ ಮಕ್ಕಳ ಕೋಣೆಗೆ ಸದ್ದಿಲ್ಲದೆ ಬಂದು ಕುಳಿತಿತು. ಸದ್ದಿಲ್ಲದೆ ಎಂದರೆ ಪೂರ್ತಿ ನಿಜವಲ್ಲ. ಬಿಬಿಸಿ ಆ ಚಿತ್ರಕ್ಕೆ ಇಂಗ್ಲಿಷ್ ಮಾತು ಜೋಡಿಸಲಿಲ್ಲ. ಜರ್ಮನ್ ಸಂಭಾಷಣೆಯ ಸದ್ದನ್ನು ತಗ್ಗಿಸಿ, ಅದರ ಮೇಲೆ ಒಬ್ಬ ನಿರೂಪಕ ಇಂಗ್ಲಿಷಿನಲ್ಲಿ ಕಥೆ ಹೇಳುವಂತೆ ಮಾಡಿತು. ಅಜ್ಜಿ ಕಥೆ ಹೇಳುವಾಗ ಹಿಂದಿನ ಕೋಣೆಯಲ್ಲಿ ಯಾರೋ ಅರ್ಥವಾಗದ ಭಾಷೆಯಲ್ಲಿ ಮಾತಾಡಿದಂತೆ ಅದು ಕೇಳುತ್ತಿತ್ತು. ಆ ಕುಳ್ಳನನ್ನು ಕಂಡು ಹೆದರಿದ ಮಕ್ಕಳು ಮುದುಕರಾದ ಮೇಲೂ ಅವನನ್ನು ಮರೆತಿಲ್ಲ.

ಇದು ಒಂದು ದಾರಿ. ಎರಡನೆಯದು ಡಬ್ಬಿಂಗ್, ಅಂದರೆ ಮೂಲ ಮಾತನ್ನು ಪೂರ್ತಿ ಅಳಿಸಿ ತುಟಿಯ ಚಲನೆಗೆ ಹೊಂದುವ ಹೊಸ ಮಾತನ್ನು ಕೂರಿಸುವುದು. ಮೂರನೆಯದು ದುಬಾರಿ ದಾರಿ: ಅದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಎರಡು ಸಲ ಚಿತ್ರೀಕರಿಸುವುದು. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಯುರೋಪ್ ಮತ್ತು ಹಾಲಿವುಡ್ ಎರಡೂ ಇದನ್ನು ಮಾಡಿ ನೋಡಿದವು. ಮಾರ್ಲೀನ್ ಡೀಟ್ರಿಚ್ ಹೆಸರಾದ ‘ದಿ ಬ್ಲೂ ಏಂಜೆಲ್’ (1930) ಜರ್ಮನ್‌ನಲ್ಲಿಯೂ ಇಂಗ್ಲಿಷಿನಲ್ಲಿಯೂ ಬೇರೆ ಬೇರೆಯಾಗಿ ಚಿತ್ರಿತವಾಯಿತು. ಲಾರೆಲ್ ಮತ್ತು ಹಾರ್ಡಿಯಂತೂ ಗೊತ್ತಿಲ್ಲದ ಸ್ಪ್ಯಾನಿಷ್ ಮಾತನ್ನು ಉರು ಹೊಡೆದು ಒಪ್ಪಿಸಿದರು. ಡಬ್ಬಿಂಗ್ ತಂತ್ರ ಸುಧಾರಿಸಿದೊಡನೆ ಈ ಪದ್ಧತಿ ಹಿಂದೆ ಸರಿಯಿತು. ಖರ್ಚು ಇಮ್ಮಡಿಯಾಗುತ್ತಿದ್ದುದೇ ಕಾರಣ.

ಆರ್.ಕೆ. ನಾರಾಯಣರ ಬರಹಕ್ಕೆ ಈ ಮೂರನೆಯ ದಾರಿಯ ಅನುಭವ ಮೊದಲೇ ಆಗಿತ್ತು. ಅವರ ‘ದಿ ಗೈಡ್’ ಕಾದಂಬರಿಯನ್ನು ದೇವಾನಂದ್ 1960ರ ದಶಕದಲ್ಲಿ ಎರಡು ಚಿತ್ರಗಳನ್ನಾಗಿ ತಯಾರಿಸಿದರು. ಹಿಂದಿಯದ್ದನ್ನು ವಿಜಯ್ ಆನಂದ್ ನಿರ್ದೇಶಿಸಿದರು. ಇಂಗ್ಲಿಷಿನದಕ್ಕೆ ಟ್ಯಾಡ್ ಡೇನಿಯಲೆವ್ಸ್ಕಿ ನಿರ್ದೇಶಕರು, ನೊಬೆಲ್ ಪ್ರಶಸ್ತಿ ಪಡೆದ ಪರ್ಲ್ ಬಕ್ ಚಿತ್ರಕಥೆಗಾರ್ತಿ. ಹಿಂದಿಯದು ಗೆದ್ದಿತು, ಇಂಗ್ಲಿಷಿನದು ಮರೆಯಾಯಿತು. ನಾರಾಯಣರಿಗೆ ಎರಡೂ ಹಿಡಿಸಲಿಲ್ಲ. ಮೈಸೂರಿನ ಸುತ್ತಮುತ್ತಲ ಜಾಗಗಳನ್ನು ತಾವೇ ತೋರಿಸಿದ್ದರೂ ಚಿತ್ರತಂಡ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋಯಿತೆಂಬುದು ಅವರ ದೂರು. ಇದನ್ನು ಅವರು ತಮ್ಮದೇ ಶೈಲಿಯಲ್ಲಿ, ನಗುನಗುತ್ತ ಚುಚ್ಚುವಂತೆ, ಪ್ರಬಂಧವಾಗಿಯೂ ಬರೆದರು.

ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರು. ಸರಯೂ ನದಿ, ರೈಲು ನಿಲ್ದಾಣ, ಮಾರ್ಕೆಟ್ ರಸ್ತೆ, ಆಲ್ಬರ್ಟ್ ಮಿಷನ್ ಶಾಲೆ, ಎಲ್ಲವೂ ಕಲ್ಪನೆ. ನಾರಾಯಣರು ಹುಟ್ಟಿದ್ದು ಮದರಾಸಿನಲ್ಲಿ, 1906ರಲ್ಲಿ. ಮನೆಮಾತು ತಮಿಳು, ಬದುಕು ಮೈಸೂರಿನದು, ಬರೆದದ್ದು ಇಂಗ್ಲಿಷಿನಲ್ಲಿ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಮೊದಲು ಕಾಣಿಸಿಕೊಂಡ ಊರು 1943ರ ‘ಮಾಲ್ಗುಡಿ ಡೇಸ್’ ಕಥಾಸಂಕಲನದ ಹೊತ್ತಿಗೆ ಗಟ್ಟಿಯಾಗಿ ನೆಲೆನಿಂತಿತ್ತು. ಆ ಊರಿನ ಜನ ಪುಸ್ತಕದಲ್ಲಿ ಇಂಗ್ಲಿಷ್ ಆಡುತ್ತಾರೆ. ಆದರೆ ಅವರು ಆಡುತ್ತಿರುವುದು ಬೇರಾವುದೋ ಭಾಷೆಯ ಇಂಗ್ಲಿಷ್ ರೂಪ ಎಂಬುದು ಓದುವವರಿಗೆ ಗೊತ್ತು. ಅದು ಕನ್ನಡವೋ ತಮಿಳೋ ಎಂದು ನಾರಾಯಣರು ಬಾಯಿಬಿಟ್ಟು ಹೇಳಿದವರಲ್ಲ. ಪುಸ್ತಕದಲ್ಲಿ ಈ ಜಾಣತನ ನಡೆಯುತ್ತದೆ. ಕ್ಯಾಮೆರಾದ ಮುಂದೆ ಯಾವುದಾದರೂ ಒಂದು ಭಾಷೆಯಲ್ಲಿ ಬಾಯಿ ತೆರೆಯಲೇಬೇಕು.

ಮಾಲ್ಗುಡಿ ಕನ್ನಡದಲ್ಲಿ ಬಾಯಿ ತೆರೆದದ್ದೂ ಉಂಟು. ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಚಿತ್ರ ಮಾಡಿದರು. ಲೋಕೇಶ್ ಮಾರ್ಗಯ್ಯನಾದರು. ಮಾಲ್ಗುಡಿಯ ಜನಕ್ಕೆ ಕನ್ನಡ ಎಷ್ಟು ಸಲೀಸಾಗಿ ಒಗ್ಗುತ್ತದೆ ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಎಚ್.ವೈ. ಶಾರದಾ ಪ್ರಸಾದ್ ಅವರು ಕನ್ನಡಕ್ಕೆ ತಂದದ್ದನ್ನೂ ಇಲ್ಲಿಯೇ ನೆನೆಯಬಹುದು.

ಮತ್ತೆ ಬಿಜಾಪುರ ಜಿಲ್ಲೆಗೆ. 1976ರ ಜುಲೈ 31ಕ್ಕೆ ಉಪಗ್ರಹದ ಅವಧಿ ಮುಗಿಯಿತು. ಅಮೆರಿಕದವರು ಅದನ್ನು ತಮ್ಮ ಕಡೆಯ ಆಕಾಶಕ್ಕೆ ಸರಿಸಿಕೊಂಡರು. ಆ ವರ್ಷ ಏಪ್ರಿಲ್‌ನಲ್ಲಿ ದೂರದರ್ಶನವು ಆಕಾಶವಾಣಿಯಿಂದ ಬೇರೆಯಾಗಿ ತನ್ನದೇ ಸಂಸಾರ ಹೂಡಿತ್ತು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ಒಂದು ಪ್ರಸಾರ ಕೇಂದ್ರ ಬಂತು. ಆದರೆ ನೆಲದ ಮೇಲಿನ ಗೋಪುರ ಆಕಾಶದ ಉಪಗ್ರಹವಲ್ಲ. ಅದರ ಅಲೆ ಕೆಲವೇ ಹರದಾರಿ ಮುಟ್ಟಿ ನಿಲ್ಲುತ್ತದೆ. ಕೃಷ್ಣೆಯ ದಂಡೆಯ ಊರುಗಳಿಗೆ ಒಂದು ವರ್ಷ ಕಂಡ ಬೆಳಕು ಆರಿತು.

ಅದು ಮತ್ತೆ ಹೊತ್ತಿದಾಗ ಬಣ್ಣ ಬಂದಿತ್ತು, ಭಾಷೆ ಬದಲಾಗಿತ್ತು. 1982ರ ಆಗಸ್ಟ್ 15ರಂದು ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1984ರಲ್ಲಿ ದೇಶದ ಉದ್ದಗಲಕ್ಕೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ದಿನಕ್ಕೊಂದರಂತೆ ಎದ್ದವು. ಮರುಪ್ರಸಾರ ಎಂಬ ಮಾತಿನಲ್ಲಿಯೇ ಎಲ್ಲ ಅಡಗಿದೆ. ಅಲ್ಲಿ ಸ್ಟುಡಿಯೊ ಇಲ್ಲ, ಕಲಾವಿದರಿಲ್ಲ. ದೆಹಲಿ ಹೇಳಿದ್ದನ್ನು ಹಿಡಿದು ಸುತ್ತಲ ಊರುಗಳಿಗೆ ಹಂಚುವುದಷ್ಟೇ ಅದರ ಕೆಲಸ. ‘ಸೈಟ್’ ಕಾಲದಲ್ಲಿ ಹಿಂದಿ ಅರ್ಧ ಗಂಟೆ ಇತ್ತು, ಉಳಿದದ್ದು ಊರಿನ ಭಾಷೆ. ಈಗ ಲೆಕ್ಕ ತಲೆಕೆಳಗಾಯಿತು.

ಅದೇ 1984ರ ಜುಲೈನಲ್ಲಿ ‘ಹಮ್ ಲೋಗ್’ ಶುರುವಾಗಿ ಪ್ರಾಯೋಜಿತ ಧಾರಾವಾಹಿಗಳ ಯುಗಕ್ಕೆ ನಾಂದಿ ಹಾಡಿತು. ಪ್ರಾಯೋಜಕನಿಗೆ ಇಡೀ ದೇಶದ ಗಿರಾಕಿ ಬೇಕು. ಇಡೀ ದೇಶ ಸಿಗುವುದು ರಾಷ್ಟ್ರೀಯ ಜಾಲದಲ್ಲಿ, ಆ ಜಾಲದ ಧಾರಾವಾಹಿಯ ಭಾಷೆ ಹಿಂದಿ. ಪ್ರಾದೇಶಿಕ ಕೇಂದ್ರಗಳ ಪಾಲಿಗೆ ಉಳಿದದ್ದು ಸಂಜೆಯ ಒಂದಿಷ್ಟು ಹೊತ್ತು ಮತ್ತು ತೆಳ್ಳಗಿನ ಗಂಟು. ಒಳ್ಳೆಯ ಧಾರಾವಾಹಿ ಮಾಡಬೇಕೆಂದು ಹೊರಟ ಕನ್ನಡಿಗನಿಗೆ ಕನ್ನಡದಲ್ಲಿ ಮಾಡುವ ದಾರಿ ಸುಲಭದ್ದಾಗಿರಲಿಲ್ಲ. ಈ ಲೆಕ್ಕಾಚಾರವನ್ನು ಮರೆತು ಶಂಕರನಾಗ್ ಅವರನ್ನು ದೂರಿದರೆ ಅನ್ಯಾಯವಾದೀತು.

ಇದೇ ಹೊತ್ತಿನಲ್ಲಿ ದೂರದರ್ಶನದಲ್ಲಿ ‘ಕಥಾ ಸಾಗರ್’ ಎಂಬ ಇನ್ನೊಂದು ಮಾಲೆಯೂ ಬರುತ್ತಿತ್ತು. ಚೆಕಾಫ್, ಮೊಪಾಸಾ, ಟಾಲ್‌ಸ್ಟಾಯ್ ಮುಂತಾದವರ ಕಥೆಗಳನ್ನು ಭಾರತದ ಊರುಕೇರಿಗೆ ಒಗ್ಗಿಸಿ ಹಿಂದಿಯಲ್ಲಿ ತೋರಿಸುತ್ತಿದ್ದ ಆ ಮಾಲೆಯಲ್ಲಿ ಶ್ಯಾಮ್ ಬೆನೆಗಲ್ ಅಂಥವರು ಕೆಲಸ ಮಾಡಿದ್ದರು. ವಾರಕ್ಕೊಂದು ಕಥೆ, ಮುಂದಿನ ವಾರ ಬೇರೆ ಪಾತ್ರಗಳು, ಬೇರೆ ಲೋಕ. ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಕಥೆಗೆ ಆಗ ಬೆಲೆಯಿತ್ತು. ವರ್ಷಗಟ್ಟಲೆ ಎಳೆಯುವ ಅತ್ತೆ ಸೊಸೆ ಜಗಳ ಇನ್ನೂ ಹುಟ್ಟಿರಲಿಲ್ಲ.

ಶಂಕರನಾಗ್ ಹೊನ್ನಾವರದವರು. 1954ರಲ್ಲಿ ಹುಟ್ಟಿ, ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಕ್ಕೆ ಬಂದವರು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನು ನಿರ್ದೇಶಿಸಿ ಅದಾಗಲೇ ಹೆಸರು ಮಾಡಿದ್ದರು. ನಿರ್ಮಾಪಕ ಟಿ.ಎಸ್. ನರಸಿಂಹನ್. ಛಾಯಾಗ್ರಹಣ ಎಸ್. ರಾಮಚಂದ್ರ, ಕಲಾ ನಿರ್ದೇಶನ ಜಾನ್ ದೇವರಾಜ್, ಸಂಗೀತ ಎಲ್. ವೈದ್ಯನಾಥನ್. ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಮಾತಿಲ್ಲದ ಆ ಶೀರ್ಷಿಕೆ ಗೀತೆಯ ‘ತಾನಾನ’ ಕೇಳಿದರೆ ಈಗಲೂ ಐವತ್ತು ದಾಟಿದವರ ಮುಖ ಅರಳುತ್ತದೆ. ಭಾಷೆಯ ಹಂಗಿಲ್ಲದೆ ಎಲ್ಲರನ್ನೂ ಮುಟ್ಟಿದ್ದು ಅದೊಂದೇ ಇರಬೇಕು.

ಕಲಾವಿದರ ಪಟ್ಟಿಯನ್ನು ಒಮ್ಮೆ ನೋಡಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ತಂದೆ ಗಿರೀಶ್ ಕಾರ್ನಾಡ್, ತಾಯಿ ವೈಶಾಲಿ ಕಾಸರವಳ್ಳಿ. ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಯ ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತನಾಗ್. ತಿಂಗಳಿಗೆ ನಲವತ್ತು ರೂಪಾಯಿ ಸಂಬಳಕ್ಕೆ ದುಡಿಯುವ, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲೂ ಬಿಡುವಿಲ್ಲದ ಗುಮಾಸ್ತ ವೆಂಕಟರಾವ್ ಆಗಿ ವಿಷ್ಣುವರ್ಧನ್. ಜೊತೆಗೆ ಬಿ. ಜಯಶ್ರೀ, ಅರುಂಧತಿ ನಾಗ್, ರಮೇಶ್ ಭಟ್. ಕನ್ನಡ ರಂಗಭೂಮಿ ಮತ್ತು ಚಿತ್ರರಂಗದ ಒಂದು ಇಡೀ ಕಾಲವೇ ಅಲ್ಲಿ ನೆರೆದಿತ್ತು. ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ರೈಲು ನಿಲ್ದಾಣದ ದೃಶ್ಯಗಳಿಗೆ ಅದೇ ಜಿಲ್ಲೆಯ ಅರಸಾಳು. ಊರು ಕನ್ನಡದ್ದು, ಮನೆ ಕನ್ನಡದ್ದು, ನಟರು ಕನ್ನಡದವರು. ಮೊದಲ 13 ಕಂತುಗಳು ತಯಾರಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮುಂದಿನವು ಹಿಂದಿಯಲ್ಲಿ.

1986ರಿಂದ ಶುರುವಾದ ಈ ಧಾರಾವಾಹಿ 1988ರ ಹೊತ್ತಿಗೆ 39 ಕಂತುಗಳನ್ನು ಮುಗಿಸಿತ್ತು. ಹೆಚ್ಚಿನವು ಒಂದೊಂದು ಕಂತಿಗೆ ಒಂದು ಕಥೆ, ಸುಮಾರು 22 ನಿಮಿಷ. ಸ್ವಾಮಿಯ ಕಥೆ ಮತ್ತು ಮಿಠಾಯಿ ವ್ಯಾಪಾರಿಯ ಕಥೆ ಮಾತ್ರ ಹಲವು ಕಂತುಗಳಿಗೆ ಹರಡಿದವು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇನ್ನಷ್ಟು ಕಂತುಗಳು ಬಂದವು. ಸ್ವಾಮಿಯ ಕಂತುಗಳನ್ನು ಜೋಡಿಸಿ ಮಾಡಿದ ‘ಸ್ವಾಮಿ’ ಚಿತ್ರಕ್ಕೂ ಬಾಲನಟ ಮಂಜುನಾಥನಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಚಿತ್ರದ ಭಾಷೆ ಎಂಬ ಕಡೆಯಲ್ಲಿ ಹಿಂದಿ ಎಂದು ನಮೂದಾಗಿದೆ.

ಆಲಮಟ್ಟಿಯ ಕಡೆಯಿಂದ ನೋಡಿದರೆ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬೀಳುತ್ತದೆ. ನಾರಾಯಣರ ಮಾಲ್ಗುಡಿ ಬಯಲುಸೀಮೆಯ ಬಿಸಿಲಿನ ಊರು. ಶಂಕರನಾಗ್ ಅದನ್ನು ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದಕ್ಕೆ ಸಾಗಿಸಿದರು. ಇಳಿಜಾರು ಹೆಂಚಿನ ಮಾಡು, ಪಾಚಿ ಕಟ್ಟಿದ ಗೋಡೆ, ಅಡಿಕೆ ಮರ. ಮಣ್ಣಿನ ಮಾಳಿಗೆಯ ಮನೆ, ಎರೆ ಹೊಲ, ಬೇಸಿಗೆಯಲ್ಲಿ ಬಣಗುಟ್ಟುವ ಹೊಳೆಯ ಪಾತ್ರ ಕಂಡ ಕಣ್ಣಿಗೆ ಆ ಕರ್ನಾಟಕವೇ ಬೇರೆ ದೇಶ. ಅದರ ಮೇಲೆ ಮಾತು ಬೇರೆ ಹಿಂದಿ. ಪರಿಚಿತವೆನಿಸಬಹುದಾದ ಒಂದೇ ವಸ್ತುವೆಂದರೆ ರೈಲು. ಗದಗಿನಿಂದ ಆಲಮಟ್ಟಿ, ಬಿಜಾಪುರದ ಮೇಲೆ ಹೋಟಗಿಗೆ ಹೋಗುತ್ತಿದ್ದದ್ದು ಆಗ ಮೀಟರ್ ಗೇಜ್ ಗಾಡಿ. ಅರಸಾಳಿನಲ್ಲಿ ನಿಲ್ಲುತ್ತಿದ್ದದ್ದೂ ಮೀಟರ್ ಗೇಜ್ ಗಾಡಿಯೇ.

ಹಾಗೆಂದು ಇಲ್ಲಿಯ ಜನ ಆ ಧಾರಾವಾಹಿಯನ್ನು ಒಲ್ಲೆನೆನ್ನಲಿಲ್ಲ. ಬಿಜಾಪುರ ಸೀಮೆಗೆ ಹಿಂದಿ, ಉರ್ದು ತೀರ ಹೊರಗಿನ ಮಾತುಗಳಲ್ಲ. ಆದಿಲ್‌ಶಾಹಿಯ ಕಾಲದಿಂದ ದಖನಿ ಇಲ್ಲಿನ ಸಂತೆಯ ಭಾಷೆಗಳಲ್ಲೊಂದು. ಬೆಂಗಳೂರಿನ ಅಚ್ಚುಕಟ್ಟಾದ ಕನ್ನಡ ಈ ಕಡೆಯ ಕಿವಿಗೆ ಎಷ್ಟು ಹತ್ತಿರ ಎಂಬ ಪ್ರಶ್ನೆಯೂ ಇದ್ದೇ ಇದೆ. ಆದರೆ ಸಂತೆಯಲ್ಲಿ ವ್ಯವಹಾರಕ್ಕೆ ತಿಳಿಯುವ ಭಾಷೆ ಬೇರೆ, ತಾಯಿ ಮಗನನ್ನು ಗದರುವ ಭಾಷೆ ಬೇರೆ. ಸ್ವಾಮಿಯ ಕಥೆ ಎರಡನೆಯ ಬಗೆಯದು. ಪರೀಕ್ಷೆಯ ಭಯ, ಅಪ್ಪನ ಕೋಲು, ಅಜ್ಜಿಯ ಮಡಿಲು, ದೂರ ಹೋಗುವ ಗೆಳೆಯ, ಇವು ಮನೆಮಾತಿನಲ್ಲಿ ನಡೆಯುವ ಸಂಗತಿಗಳು. ಮನೆಯಲ್ಲಿ ಹಿಂದಿ ಕೇಳದ ಹೆಂಗಸರಿಗೂ ಮಕ್ಕಳಿಗೂ ಅದು ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕಾದ ಕಥೆಯಾಯಿತು.

ಆಮೇಲಾದರೂ ಅದಕ್ಕೆ ಕನ್ನಡದ ಮಾತು ಕೂರಿಸಬಹುದಿತ್ತಲ್ಲ ಎಂದು ಕೇಳಬಹುದು. ಇಲ್ಲಿ ಅಡ್ಡ ಬಂದದ್ದು ಕನ್ನಡದ ಮೇಲಿನ ಪ್ರೀತಿಯೇ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೊಗಳ ಮರ್ಜಿಯಲ್ಲಿ ಬದುಕುತ್ತಿದ್ದ ಕಾಲದಲ್ಲಿ, ಬೇರೆ ಭಾಷೆಯ ಚಿತ್ರಗಳಿಗೆ ಅಗ್ಗದಲ್ಲಿ ಕನ್ನಡ ಮಾತು ಹಚ್ಚಿ ಬಿಡುಗಡೆ ಮಾಡುವುದು ನಡೆದಿತ್ತು. ಹೀಗಾದರೆ ಕನ್ನಡದ ಸ್ವಂತ ಚಿತ್ರ ಹುಟ್ಟುವುದೇ ಇಲ್ಲವೆಂದು ಅ.ನ. ಕೃಷ್ಣರಾಯರಂಥ ಸಾಹಿತಿಗಳೂ ರಾಜಕುಮಾರ್ ಮೊದಲಾದ ಕಲಾವಿದರೂ ಚಳವಳಿ ಹೂಡಿದರು. 1960ರ ದಶಕದ ನಡುವಿನ ಹೊತ್ತಿಗೆ ಡಬ್ಬಿಂಗ್ ನಿಂತಿತು. ಯಾವ ಕಾನೂನೂ ಅದನ್ನು ನಿಷೇಧಿಸಲಿಲ್ಲ. ಉದ್ಯಮದ ಒಪ್ಪಂದವೇ ಕಾನೂನಿನಷ್ಟು ಗಟ್ಟಿಯಾಗಿತ್ತು. ಕನ್ನಡ ಚಿತ್ರರಂಗ ಆ ನೆರಳಲ್ಲಿ ಬೆಳೆಯಿತು ಎಂಬುದನ್ನು ಅಲ್ಲಗಳೆಯಲಾಗದು. ಕಿರುತೆರೆಗೂ ಅದರಿಂದ ಲಾಭವಾಯಿತು. 1994ರಲ್ಲಿ ಉದಯ ಟಿವಿ ಬಂತು, 1998ರಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬಂತು. ಕನ್ನಡ ಧಾರಾವಾಹಿಗೆ ಕನ್ನಡಿಗರೇ ಬರೆದು, ನಟಿಸಿ ದುಡಿಯುವ ಒಂದು ಉದ್ಯಮ ಎದ್ದು ನಿಂತಿತು.

ಪರಭಾಷೆಯ ಸರಕು ಬರಬಾರದೆಂದು ಹಾಕಿದ ಬೇಲಿ ಅದು. ಹಿಂದಿ ಬಟ್ಟೆ ತೊಟ್ಟು ಹೊರಗೆ ನಿಂತಿದ್ದ ಮನೆಯ ಮಗನಿಗೂ ಅದೇ ಬೇಲಿ ಅಡ್ಡವಾಯಿತು. ಮಾಲ್ಗುಡಿ ಡೇಸ್ ಪರಭಾಷೆಯದೋ ನಮ್ಮದೋ ಎಂಬ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಎತ್ತಿದಂತೆ ಕಾಣುವುದಿಲ್ಲ. ಎತ್ತಬೇಕಿತ್ತು.

ಬೇಲಿ ಸಡಿಲವಾದದ್ದು ತೀರ ಈಚೆಗೆ. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ಕಾರ್ಯಕ್ರಮ ದಕ್ಷಿಣದ ಬೇರೆ ಭಾಷೆಗಳಲ್ಲಿ ಮಾತಾಡಿದರೂ ವಿರೋಧದಿಂದಾಗಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ವೀಕ್ಷಕರ ಒಂದು ವರ್ಗ ಆಗ ಸಿಡಿದೆದ್ದಿತು. ವಿಷಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2015ರಲ್ಲಿ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧವೆಂದು ಹೇಳಿ ದಂಡ ವಿಧಿಸಿತು. 2017ರಲ್ಲಿ ದಶಕಗಳ ನಂತರ ಡಬ್ ಆದ ಚಿತ್ರವೊಂದು ಕರ್ನಾಟಕದ ಚಿತ್ರಮಂದಿರಕ್ಕೆ ಬಂತು. 2020ರಲ್ಲಿ ಕೊರೊನಾ ಲಾಕ್‌ಡೌನ್ ಬಂದು ಧಾರಾವಾಹಿಗಳ ಚಿತ್ರೀಕರಣ ನಿಂತುಹೋಯಿತು. ಹೊಸ ಕಂತುಗಳಿಲ್ಲದೆ ಖಾಸಗಿ ವಾಹಿನಿಗಳು ಹಳೆಯ ಸರಕಿಗೆ ಕೈಹಾಕಿದವು. ಮಹಾಭಾರತದಂಥ ಹಿಂದಿ ಧಾರಾವಾಹಿಗಳು ಕನ್ನಡ ಮಾತಾಡತೊಡಗಿದವು. ಆ ದಿನಗಳಲ್ಲಿಯೇ ಮಾಲ್ಗುಡಿ ಡೇಸ್ ಕೂಡ ಕನ್ನಡಕ್ಕೆ ಬಂತು. ಮೊದಲ ಪ್ರಸಾರದಿಂದ ಲೆಕ್ಕ ಹಾಕಿದರೆ 34 ವರ್ಷಗಳ ಮೇಲೆ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ವಯಸ್ಸು 35. ನಾರಾಯಣರು 2001ರಲ್ಲಿ ತೀರಿಕೊಂಡರು. ಗುಮಾಸ್ತ ವೆಂಕಟರಾವ್ ಆಗಿದ್ದ ವಿಷ್ಣುವರ್ಧನ್ 2009ರಲ್ಲಿ, ಸ್ವಾಮಿಯ ತಾಯಿ ವೈಶಾಲಿ ಕಾಸರವಳ್ಳಿ 2010ರಲ್ಲಿ, ತಂದೆ ಗಿರೀಶ್ ಕಾರ್ನಾಡ್ 2019ರಲ್ಲಿ ಹೋದರು. ಹುಡುಗ ಮಂಜುನಾಥ ನಡುವಯಸ್ಸಿಗೆ ಬಂದಿದ್ದರು.

ಜರ್ಮನ್ ರಾಜಕುಮಾರಿಗೆ ಇಂಗ್ಲಿಷ್ ಮಾತು ಎರವಲು ತರಬೇಕಾದದ್ದು ಸಹಜ. ಆಕೆಗೆ ಇಂಗ್ಲಿಷ್ ತನ್ನದಲ್ಲ. ಕಾರ್ನಾಡರ ಕನ್ನಡ, ವಿಷ್ಣುವರ್ಧನ್ ಅವರ ಕನ್ನಡ, ವೈಶಾಲಿಯವರ ಕನ್ನಡ ಇಡೀ ನಾಡಿಗೆ ಗೊತ್ತಿದ್ದ ದನಿಗಳು. 1986ರಲ್ಲಿ ಅವರೆಲ್ಲ ಆಗುಂಬೆಯ ಅಂಗಳದಲ್ಲಿಯೇ ಇದ್ದರು. ಚಿತ್ರೀಕರಣದ ಬಿಡುವಿನಲ್ಲಿ ಅವರವರಲ್ಲಿ ಆಡಿಕೊಂಡದ್ದೂ ಕನ್ನಡವೇ ಇದ್ದೀತು. ಕ್ಯಾಮೆರಾ ತಿರುಗಿದೊಡನೆ ಬೇರೆ ಭಾಷೆಗೆ ಹೊರಳಬೇಕಾಗಿತ್ತು. 2020ರಲ್ಲಿ ಸ್ವಾಮಿಯ ಅಪ್ಪ ಕೊನೆಗೂ ಕನ್ನಡದಲ್ಲಿ ಗದರಿದಾಗ ಆ ಕನ್ನಡ ಕಾರ್ನಾಡರದಾಗಿರಲು ಸಾಧ್ಯವಿರಲಿಲ್ಲ. ಕನ್ನಡ ನಟನ ಮುಖಕ್ಕೆ ಬೇರೊಬ್ಬರ ಕನ್ನಡ.

ಅದೇ 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆಯಿತು. ಕೆಲಸ ಮಾಡಿದವರು ಅದೇ ಜಾನ್ ದೇವರಾಜ್. ಆ ದಾರಿ ಈಗ ಬ್ರಾಡ್ ಗೇಜ್. ಆಲಮಟ್ಟಿಯ ದಾರಿಯೂ ಬ್ರಾಡ್ ಗೇಜ್ ಆಗಿದೆ. ನಿಲ್ದಾಣದ ಆಚೆ ಅಣೆಕಟ್ಟೆಯ ಹಿನ್ನೀರು ನಿಂತಿದೆ. ಅದರ ಮೇಲ್ಗಡೆ ಹಳೆಯ ಬಾಗಲಕೋಟೆಯ ಓಣಿಗಳೂ ಹಲವು ಹಳ್ಳಿಗಳೂ ಮುಳುಗಿವೆ. ಆ ಓಣಿಗಳಲ್ಲೂ ಸ್ವಾಮಿಯಂಥ ಹುಡುಗರು, ಮಾರ್ಗಯ್ಯನಂಥ ಲೇವಾದೇವಿಗಾರರು, ಮಿಠಾಯಿ ಅಂಗಡಿಗಳು ಇದ್ದವು.